ಸ್ಥಳೀಯ ಕಾಡುಹೂಗಳನ್ನು ಕಟ್ ಫ್ಲವರ್ ಆಗಿ ಬೆಳೆದು ಮಾರುವ ಬಗ್ಗೆ: ಬೀಜ ಮೊಳೆಯುತ್ತಿಲ್ಲ, ಹೂ ಉದುರುತ್ತಿದೆ

ಪ್ರಶ್ನೆ

ಮಾನ್ಯರೇ, ಗುಲಾಬಿ, ಸೇವಂತಿಗೆಗಳ ಬದಲು ನಮ್ಮ ಪ್ರದೇಶದಲ್ಲಿ ತಾನಾಗಿ ಬೆಳೆಯುವ ಹೂಗಿಡಗಳನ್ನೇ ಹೊಲದಲ್ಲಿ ಸಾಲು ಹಿಡಿದು ಬೆಳೆಸಿ, ದಂಟು ಸಮೇತ ಕೊಯ್ದು ಹೂವಿನ ಅಂಗಡಿಗಳಿಗೆ ಕೊಡುವ ಕೆಲಸವನ್ನು ಆರಂಭಿಸಿದ್ದೇನೆ. ಕಾಡಿನಲ್ಲಿ ಯಾರ ಆರೈಕೆಯೂ ಇಲ್ಲದೆ ಹುಟ್ಟುವ ಬೀಜ, ಮಡಿಯಲ್ಲಿ ಬಿತ್ತಿದರೆ ಮೊಳೆಯುವುದೇ ಅಪರೂಪ. ಬೆಳೆದು ಕೊಯ್ದ ಕೆಲವು ಜಾತಿಗಳಲ್ಲಿ, ಅಂಗಡಿ ತಲುಪುವಷ್ಟರಲ್ಲಿ ಹೂಗಳು ದಂಟಿನಿಂದ ಉದುರಿ ಪೆಟ್ಟಿಗೆಯ ತಳ ಸೇರಿರುತ್ತವೆ. ನನ್ನ ಗಿಡಗಳು ಪೂರ್ತಿ ಫಲಕ್ಕೆ ಬರುವವರೆಗೆ ಕಾಡಿನಿಂದಲೇ ಸ್ವಲ್ಪ ಕೊಯ್ದು ಗಿರಾಕಿಗಳನ್ನು ಉಳಿಸಿಕೊಳ್ಳಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಕಾಡುಬೀಜಗಳಿಗೆ ಸುಪ್ತಾವಸ್ಥೆ, ಅಂದರೆ ತಕ್ಕ ಸನ್ನೆ ಸಿಗುವವರೆಗೆ ಮೊಳೆಯದೆ ಮಲಗಿರುವ ಸ್ಥಿತಿ, ಇರುತ್ತದೆ. ಅದನ್ನು ಮುರಿಯುವ ಸನ್ನೆ ಯಾವುದೆಂಬುದು ಆ ಗಿಡದ ಮೂಲ ನೆಲೆಯನ್ನು ನೋಡಿದರೆ ತಿಳಿಯುತ್ತದೆ. ಚಳಿಗಾಲ ತೀವ್ರವಾಗಿರುವ ಹುಲ್ಲುಗಾವಲಿನ ಲಿಯಾಟ್ರಿಸ್‌ನಂಥ ಗಿಡಗಳ ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಕೆಲವು ವಾರ ತಂಪಿನಲ್ಲಿ ಇಟ್ಟರೆ ಚೆನ್ನಾಗಿ ಮೊಳೆಯುತ್ತದೆ. ಕಾಳ್ಗಿಚ್ಚು ಮರುಕಳಿಸುವ ನೆಲದ ಅನೇಕ ಗಿಡಗಳಿಗೆ ಬೇಕಾದದ್ದು ಹೊಗೆ. ಹೊಗೆಯಿಂದ ಬೀಜ ಮೊಳೆಯುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಹೊಗೆಯಲ್ಲಿದ್ದು ಬೀಜವನ್ನು ಮೊಳೆಯಿಸುವ ಸಂಯುಕ್ತವೊಂದನ್ನು ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲಿ ಗುರುತಿಸಿದರು. ಇಂದು ಹೊಗೆ ಹಾಯಿಸಿದ ನೀರಿನಲ್ಲಿ ಬೀಜ ನೆನೆಸುವುದು ಅಲ್ಲಿನ ನರ್ಸರಿಗಳಲ್ಲಿ ಸಾಮಾನ್ಯ ಕ್ರಮ.

ಆದರೆ ಮೊಳೆತ ಮಾತ್ರಕ್ಕೆ ಮಾರಾಟದ ಬೆಳೆ ಸಿದ್ಧವಾಗುವುದಿಲ್ಲ. ಬೀಜದಿಂದ ಬಂದ ಗಿಡಗಳಲ್ಲಿ ಬಣ್ಣ, ದಂಟಿನ ಉದ್ದ, ಹೂ ಬಿಡುವ ಕಾಲ ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ. ಅಂಗಡಿಯವರಿಗೆ ಬೇಕಾದದ್ದು ಹತ್ತೂ ದಂಟು ಒಂದೇ ಸಮನಾಗಿರುವ ಕಟ್ಟು. ಆದ್ದರಿಂದ ನೇರವಾದ, ಗಟ್ಟಿ ದಂಟಿನ ತಾಯಿಗಿಡಗಳನ್ನು ಆರಿಸಿ ಗುರುತು ಹಾಕಿ, ಅವುಗಳಿಂದ ಕಟಿಂಗ್ ಅಥವಾ ಅಂಗಾಂಶ ಕೃಷಿಯ ಮೂಲಕ ಸಸಿ ಮಾಡಿಕೊಳ್ಳಿ. ಅಮೆರಿಕದ ಬಯಲುಗಳ ಕಾಡುಹೂವಾಗಿದ್ದ ಲಿಸಿಯಾಂಥಸ್ ಇಂದು ಜಗತ್ತಿನ ಎಲ್ಲ ಹೂ ಮಾರುಕಟ್ಟೆಗಳಲ್ಲೂ ಕಾಣುತ್ತಿದ್ದರೆ, ಅದಕ್ಕೆ ಜಪಾನಿನ ತಳಿಗಾರರು ತಲೆಮಾರುಗಳ ಕಾಲ ತಾಳ್ಮೆಯಿಂದ ಮಾಡಿದ ಆಯ್ಕೆಯೇ ಕಾರಣ.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ: ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ, ದಕ್ಷಿಣ ಆಫ್ರಿಕಾದ ಪ್ರೋಟಿಯಾ ಮುಂತಾದ ಒಂದೇ ಕುಟುಂಬದ ಗಿಡಗಳು ರಂಜಕ (ಫಾಸ್ಫರಸ್) ಬಹಳ ಕಡಿಮೆ ಇರುವ ಮಣ್ಣಿಗೆ ಒಗ್ಗಿಕೊಂಡಿರುವುದರಿಂದ, ಬೇರೆ ಬೆಳೆಗೆ ಕೊಡುವ ಮಿಶ್ರಗೊಬ್ಬರ ಅವುಗಳಿಗೆ ವಿಷವಾಗಬಹುದು.

ಎರಡನೆಯ ಉತ್ತರ

ಹೂ ಉದುರುವುದಕ್ಕೆ ಬಹುಮಟ್ಟಿಗೆ ಎಥಿಲೀನ್, ಅಂದರೆ ಹಣ್ಣು ಮಾಗಿಸುವ, ಹೂ ಉದುರಿಸುವ ಅನಿಲವೇ ಕಾರಣವಿರಬೇಕು. ಜೆರಾಲ್ಡ್‌ಟನ್ ವ್ಯಾಕ್ಸ್ ಎಂಬ ಆಸ್ಟ್ರೇಲಿಯಾದ ಕಾಡುಹೂ ಇದಕ್ಕೆ ಪ್ರಸಿದ್ಧ ಉದಾಹರಣೆ. ಮಾಗಿದ ಹಣ್ಣಿನ ಪಕ್ಕದಲ್ಲಿ ಇಟ್ಟರೆ ಅಥವಾ ವಾಹನದ ಹೊಗೆ ತಾಗಿದರೆ ಅದರ ಹೂಗಳು ಕಳಚಿಕೊಳ್ಳುತ್ತವೆ. ಬೂದು ಬೂಷ್ಟು ರೋಗ ತಗುಲಿದರಂತೂ ಹೂವೇ ಎಥಿಲೀನ್ ಬಿಡುತ್ತದೆ. ಹೊರಗಿನಿಂದ ಯಾವ ಕಲೆಯೂ ಕಾಣದಿದ್ದರೂ ಪೆಟ್ಟಿಗೆಯೊಳಗೆ ಉದುರುವಿಕೆ ಶುರುವಾಗಿರುತ್ತದೆ. ಆದ್ದರಿಂದ ಇಬ್ಬನಿ ಆರುವ ಮೊದಲು ಕೊಯ್ದು ಒದ್ದೆ ಹೂವನ್ನೇ ಪೆಟ್ಟಿಗೆಗೆ ತುಂಬಬೇಡಿ. ದೊಡ್ಡ ಬೆಳೆಗಾರರು ಎಥಿಲೀನ್‌ನ ಪರಿಣಾಮವನ್ನು ತಡೆಯುವ ಸಿಲ್ವರ್ ಥಯೋಸಲ್ಫೇಟ್ ದ್ರಾವಣದಲ್ಲಿ ದಂಟುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಕಳುಹಿಸುತ್ತಾರೆ. ಅದು ಫಲಕಾರಿ, ಆದರೆ ಉಳಿದ ದ್ರಾವಣದಲ್ಲಿ ಬೆಳ್ಳಿ ಇರುವುದರಿಂದ ಚರಂಡಿಗೆ ಸುರಿಯಬಾರದು.

ಎಲ್ಲ ಜಾತಿಗೂ ಇದೇ ಮದ್ದಲ್ಲ. ಪ್ರೋಟಿಯಾದಲ್ಲಿ ಹೂ ಉದುರುವುದಿಲ್ಲ, ಎಲೆ ಕಪ್ಪಾಗುತ್ತದೆ; ದೊಡ್ಡ ಹೂತಲೆ ಎಲೆಯಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುವುದೇ ಅದಕ್ಕೆ ಮುಖ್ಯ ಕಾರಣ. ಕೊಯ್ದ ಕೂಡಲೇ ತಂಪು ಮಾಡುವುದು, ಬೆಳಕಿನಲ್ಲಿಡುವುದು, ನೀರಿಗೆ ಸಕ್ಕರೆ ಸೇರಿಸುವುದು ಅಲ್ಲಿ ನೆರವಾಗುತ್ತದೆ. ನಿಮ್ಮ ಪ್ರತಿಯೊಂದು ಜಾತಿಯ ಕೆಲವು ದಂಟುಗಳನ್ನು ಬೇರೆ ಬೇರೆ ಹಂತದಲ್ಲಿ ಕೊಯ್ದು, ಹೂದಾನಿಯಲ್ಲಿಟ್ಟು, ಎಷ್ಟು ದಿನ ಬಾಳುತ್ತದೆಂದು ಬರೆದಿಟ್ಟುಕೊಳ್ಳಿ. ಬಾಳಿಕೆ ತಿಳಿಯದ ಹೂವನ್ನು ಮಾರಾಟಕ್ಕೆ ಇಳಿಸಬೇಡಿ.

ಮೂರನೆಯ ಉತ್ತರ

ಕಾಡಿನಿಂದ ಕೊಯ್ಯುವ ವಿಚಾರವನ್ನು ನಾನು ಒಪ್ಪುವುದಿಲ್ಲ, ಅದು ಸ್ವಲ್ಪ ಕಾಲಕ್ಕೆ ಮಾತ್ರವೆಂದರೂ ಸಹ. ಪಶ್ಚಿಮ ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ ಹೂಕೆರಿಯಾನಾ ಎಂಬ ಪೊದೆಯನ್ನೇ ನೋಡಿ: ಕಾಳ್ಗಿಚ್ಚಿಗೆ ಗಿಡ ಸತ್ತುಹೋಗುತ್ತದೆ, ಮುಂದಿನ ಪೀಳಿಗೆ ಬರುವುದು ವರ್ಷಗಳಿಂದ ಕೊಂಬೆಯ ಮೇಲೆಯೇ ಕೂಡಿಟ್ಟ ಕಾಯಿಗಳ ಬೀಜದಿಂದ ಮಾತ್ರ. ನಾವು ಕೊಯ್ಯುವ ಪ್ರತಿ ಹೂತಲೆಯೂ ಆ ಸಂಗ್ರಹದಿಂದ ತೆಗೆದ ಪಾಲು, ಮತ್ತು ಅದರ ನಷ್ಟ ಮುಂದಿನ ಬೆಂಕಿಯವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದರ ಜೊತೆಗೆ, ಬೇರು ಕೊಳೆಸುವ ಫೈಟೊಫ್ತೊರಾ ರೋಗಾಣು ಬೂಟು ಮತ್ತು ಚಕ್ರಕ್ಕೆ ಅಂಟಿದ ಮಣ್ಣಿನಲ್ಲಿ ಕಾಡಿನಿಂದ ಹೊಲಕ್ಕೂ ಹೊಲದಿಂದ ಕಾಡಿಗೂ ಸಾಗುತ್ತದೆ.

ಕಾನೂನನ್ನೂ ಪರಿಶೀಲಿಸಿ. ಆಸ್ಟ್ರೇಲಿಯಾದಲ್ಲಿ 1999ರ ಪರಿಸರ ಕಾಯಿದೆ ಸ್ಥಳೀಯ ಸಸ್ಯಗಳ ರಫ್ತನ್ನು ನಿಯಂತ್ರಿಸುತ್ತದೆ. ನಿಮ್ಮಲ್ಲಿಯೂ ತಾಯಿಗಿಡದ ಬೀಜ ಅಥವಾ ಕಟಿಂಗ್ ತರಲು ಅನುಮತಿ ಬೇಕಾಗಬಹುದು. ಅದರ ಪತ್ರ ಕೈಯಲ್ಲಿದ್ದರೆ, ಹೂ ಹೊಲದಲ್ಲೇ ಬೆಳೆದದ್ದೆಂದು ತೋರಿಸುವುದು ಮುಂದೆ ಸುಲಭವಾಗುತ್ತದೆ.

ಗಿರಾಕಿಗಳನ್ನು ಉಳಿಸಿಕೊಳ್ಳಲು, ಈಗಾಗಲೇ ಹೊಲದಲ್ಲಿರುವ ಗಿಡಗಳ ಎಲೆಗೊಂಚಲು ಮತ್ತು ಒಣಗಿದ ಕಾಯಿದಂಟುಗಳನ್ನು ಮೊದಲು ಕೊಡಿ. ಹೂಗುಚ್ಛ ಕಟ್ಟುವವರಿಗೆ ಹಸಿರು ಸದಾ ಬೇಕಾಗಿರುತ್ತದೆ, ಒಣದಂಟು ದಾರಿಯಲ್ಲಿ ಕೆಡುವುದೂ ಇಲ್ಲ.