ತಾತನ ಮಲ್ಲಿಗೆಗೆ ಮೊಮ್ಮಗ ನೀರು ಹಾಕಲೇಬೇಕೇ?

ಬಾಡಿಗೆಮನೆ:
ಎಲ್ಲರಿಗೂ ನಮಸ್ಕಾರ. ನನ್ನ ತಂದೆ ತೀರಿಕೊಂಡಾಗ ಜೊತೆಯಲ್ಲಿರಲು ಆಗಲಿಲ್ಲ. ಅವರ ನೆನಪಿಗೆಂದು ಕುಂಡದಲ್ಲಿ ದುಂಡುಮಲ್ಲಿಗೆ ಬೆಳೆಸಿದ್ದೇನೆ. ಒಂಬತ್ತು ವರ್ಷದ ಮಗನಿಗೆ ನೀರು ಹಾಕುವ ಕೆಲಸ ವಹಿಸಿದೆ. ಅವನು ಅತ್ತ ಸುಳಿಯುವುದೂ ಇಲ್ಲ. “ತಾತ ನನಗೆ ನೆನಪೇ ಇಲ್ಲವಲ್ಲ” ಎನ್ನುತ್ತಾನೆ. ಚಳಿಗೆ ಹೆದರಿ ಗಿಡವನ್ನು ಒಳಗೆ ತಂದ ಮೇಲೆ ಎಲೆಗಳು ಹಳದಿಯಾಗಿ ಉದುರುತ್ತಿವೆ. ಗಿಡ ಉಳಿಯುತ್ತದೆಯೇ? ಮಗನನ್ನು ಒತ್ತಾಯಿಸಲೇ, ಸುಮ್ಮನಿರಲೇ?

ಹಿತ್ತಿಲು:
ತಂಗಿ, ಎಲೆ ಉದುರಿದ ಮಾತ್ರಕ್ಕೆ ಗಿಡ ಸತ್ತಿತೆಂದಲ್ಲ. ಕೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಹೀಟರಿನ ಬಿಸಿಗಾಳಿಯಿಂದ ದೂರವಿಡಿ, ಹೆಚ್ಚು ಬಿಸಿಲು ಬೀಳುವ ಕಿಟಕಿಯ ಬಳಿ ಇರಲಿ. ಮೇಲಿನ ಒಂದಂಗುಲ ಮಣ್ಣು ಒಣಗುವವರೆಗೆ ನೀರು ಬೇಡ. ಬೆಳಕು ಕಡಿಮೆಯಾದಾಗ ಗಿಡ ನೀರನ್ನೂ ಕಡಿಮೆ ಹೀರುತ್ತದೆ. ನಾವು ಮಾತ್ರ ಬೇಸಿಗೆಯ ಲೆಕ್ಕದಲ್ಲೇ ಸುರಿದು ಬೇರು ಕೊಳೆಸುತ್ತೇವೆ. ನಿಮ್ಮ ಮಗ ನೀರು ಹಾಕದಿದ್ದುದು ಒಳ್ಳೆಯದೇ ಆಗಿರಬಹುದು!

ಹಳೆಯ ಸದಸ್ಯ:
ಮಣ್ಣು, ನೀರು ಎಲ್ಲ ಆಮೇಲೆ. ಕಾಣದ ತಾತನಿಗಾಗಿ ಮಗು ದುಃಖಪಡಬೇಕು ಎನ್ನುವುದು ಯಾವ ನ್ಯಾಯ? ಈ ಗುಂಪಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ನಮ್ಮ ಹಂಬಲಗಳಿಗೆ ಮಕ್ಕಳನ್ನು ಕಾವಲು ನಿಲ್ಲಿಸಬೇಡಿ. 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಜರ್ಮನಿಯ ಫ್ರೋಬೆಲ್, ಪ್ರತಿ ಮಗುವಿಗೂ ಅದರದೇ ಆದ ಸಣ್ಣ ಪಾತಿ ಇರಬೇಕೆಂದರು. ಮಗನಿಗೊಂದು ಖಾಲಿ ಕುಂಡ ಕೊಡಿ. ಬೇಕಾದ್ದನ್ನು ನೆಡಲಿ, ಬೇಡವೆನಿಸಿದರೆ ಒಣಗಿಸಲಿ. ಆಯ್ಕೆಯಿಲ್ಲದ ಕಡೆ ತೋಟಗಾರಿಕೆ ಬರೀ ಜೀತ.

ಕೈತೋಟ:
ಅಣ್ಣ, ಫ್ರೋಬೆಲ್ ಅವರು ಪ್ರತ್ಯೇಕ ಪಾತಿಗಳ ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಯನ್ನೂ ಇಟ್ಟಿದ್ದರು. ಅದನ್ನು ನೀವು ಯಾವಾಗಲೂ ಬಿಟ್ಟುಬಿಡುತ್ತೀರಿ. ಒತ್ತಾಯವಿಲ್ಲದೆ ಹಲ್ಲುಜ್ಜುವ ಮಗುವನ್ನು ನಾನಂತೂ ಕಂಡಿಲ್ಲ. ನಮ್ಮ ಮನೆಯಲ್ಲಿ ನೀರು ಹಾಕುವ ಪಾಳಿ ತಪ್ಪುತ್ತಿರಲಿಲ್ಲ. ದೊಡ್ಡವಳು ಈಗ ಸಸ್ಯಶಾಸ್ತ್ರ ಓದುತ್ತಿದ್ದಾಳೆ, ಅದೂ ವಿದ್ಯಾರ್ಥಿವೇತನದಲ್ಲಿ.

ಹಳೆಯ ಸದಸ್ಯ:
ಚಿಕ್ಕವಳು?

ಕೈತೋಟ:
ಚಿಕ್ಕವಳ ವಿಷಯ ಇಲ್ಲಿ ಬೇಡ.

ಒಂಟಿ ಗುಲಾಬಿ:
ನನ್ನ ಮಗ ಹೈಸ್ಕೂಲಿನಲ್ಲಿದ್ದಾಗ ನೆಟ್ಟ ಗುಲಾಬಿ ಇಲ್ಲಿದೆ, ಅವನಿಲ್ಲ. ಕೆಲಸ ಸಿಕ್ಕಿ ಹೋದ. ಫೋನಿನಲ್ಲಿ ಎಲ್ಲವನ್ನೂ ವಿಚಾರಿಸುತ್ತಾನೆ, ಗುಲಾಬಿಯನ್ನು ಬಿಟ್ಟು. ಪ್ರತಿ ವರ್ಷ ಚಳಿಗಾಲ ಮುಗಿಯುತ್ತಿದ್ದಂತೆ ಒಣಕಡ್ಡಿ ಕತ್ತರಿಸುವಾಗ ಯಾರಿಗಾಗಿ ಇದು ಎಂದುಕೊಳ್ಳುತ್ತೇನೆ. ಆದರೂ ಕತ್ತರಿ ಹಿಡಿದ ಆ ಒಂದು ಗಂಟೆ ನನ್ನನ್ನು ಯಾರೂ ಅಮ್ಮ ಎಂದಾಗಲಿ ಅತ್ತೆ ಎಂದಾಗಲಿ ಕೂಗುವುದಿಲ್ಲ. ಇತ್ತೀಚೆಗೆ ಅದು ಹಿಡಿಸತೊಡಗಿದೆ. ನಿಮ್ಮ ಪ್ರಶ್ನೆಗೆ ಇದು ಉತ್ತರವಲ್ಲ, ಕ್ಷಮಿಸಿ.

ಬಾಡಿಗೆಮನೆ:
ಇಲ್ಲ ಅಕ್ಕ, ಬರೆದದ್ದು ಒಳ್ಳೆಯದಾಯಿತು. ಕೆರೆದು ನೋಡಿದೆ, ಬುಡದ ಹತ್ತಿರ ಹಸಿರಿದೆ. ದೊಡ್ಡ ಕುಂಡಕ್ಕೆ ಬದಲಿಸಲೇ?

ಹಳೆಯ ಸದಸ್ಯ:
ಕುಂಡ ಬದಲಿಸುವ ಮೊದಲು ಮನಸ್ಸು ಬದಲಿಸಿ. ಮಂಡೇಲಾ ಅವರು ಪೋಲ್ಸ್‌ಮೂರ್ ಸೆರೆಮನೆಯ ತಾರಸಿಯಲ್ಲಿ ಎಣ್ಣೆಯ ಪೀಪಾಯಿಗಳನ್ನು ಕತ್ತರಿಸಿ ತೋಟ ಮಾಡಿದ್ದರು. ಸೆರೆಯಲ್ಲೂ ಅದು ಅವರೇ ಆರಿಸಿಕೊಂಡ ಕೆಲಸ!

ಕೈತೋಟ:
ಆರಿಸಿಕೊಂಡ ಮೇಲೆ ದಿನವೂ ನೀರು ಹಾಕಿದರಲ್ಲ, ನಾನು ಹೇಳುತ್ತಿರುವುದೂ ಅದನ್ನೇ.

ಹಿತ್ತಿಲು:
ಈಗ ಕುಂಡ ಬದಲಿಸಬೇಡಿ ತಂಗಿ. ವಸಂತದಲ್ಲಿ ಚಿಗುರು ಬಂದ ಮೇಲೆ ಒಂದೆರಡು ಅಂಗುಲ ಮಾತ್ರ ಅಗಲವಾದುದಕ್ಕೆ ಬದಲಿಸಿ, ತಳದಲ್ಲಿ ತೂತಿರಲಿ. ಆಗಲೇ ಒಣಕೊಂಬೆಗಳನ್ನೂ ಸವರಿಬಿಡಿ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ಮಗನನ್ನು ಕೇಳಿ ನೋಡಿ, ಹುಡುಗರಿಗೆ ನೀರಿನ ಡಬ್ಬಕ್ಕಿಂತ ಕತ್ತರಿ ಇಷ್ಟ.

ಹಳೆಯ ಸದಸ್ಯ:
ಒಂಬತ್ತು ವರ್ಷದವನ ಕೈಗೆ ಕತ್ತರಿಯೇ?