ತಹಸೀಲ್ ಕಚೇರಿ ಪಿಂಚಣಿ ಶಾಖೆಯೊಳಗ ಅಪ್ರೆಂಟಿಸ್: ಮೊದಲು ಏನು ಕಲೀಬೇಕು?

ಶಹಾಪುರ_ಬಿಕಾಂ:
ನಮಸ್ಕಾರ್ರಿ. ಬಿ.ಕಾಂ ಮುಗಿದದ. ಯಾದಗಿರಿ ಜಿಲ್ಲೆಯ ಒಂದು ತಹಸೀಲ್ ಕಚೇರಿಗೆ ನ್ಯಾಟ್ಸ್ (ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆ) ಕಡಿಂದ ಒಂದು ವರ್ಷದ ಅಪ್ರೆಂಟಿಸ್ ಅಂತ ಆಯ್ಕೆ ಆಗೇದ. ಸಾಮಾಜಿಕ ಭದ್ರತಾ ಪಿಂಚಣಿ ಶಾಖೆ, ಅಂದ್ರ ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ), ವಿಧವಾ ವೇತನ, ಅಂಗವಿಕಲರ ವೇತನದ ಕೆಲಸ. ಸ್ಟೈಪೆಂಡ್ ಹೆಂಗ ಬರ್ತದ? ಈಗ ಯುವನಿಧಿ (ನಿರುದ್ಯೋಗಿ ಪದವೀಧರರ ಭತ್ಯೆ) ಬರ್ಲತ್ತದ, ಅದು ಮುಂದುವರೀತದೇನು? ಟೇಬಲ್ ಮ್ಯಾಲ ಖರೇ ಕೆಲಸ ಏನಿರ್ತದ? ಮುಂದ ಸರ್ಕಾರಿ ನೌಕರಿಗೆ ಇದು ಲೆಕ್ಕಕ್ಕ ಬರ್ತದೇನು? ಬಲ್ಲವರು ಹೇಳ್ರಿ.

ಕೋಟೆ_ಬಾಗಿಲು:
ಮೊದಲು ಕಾಗದದ ಮಾತು. ಸೇರಿದ ವಾರದಲ್ಲೇ ನ್ಯಾಟ್ಸ್ ಪೋರ್ಟಲ್‌ನಲ್ಲಿ ನಿಮ್ಮ ಕಾಂಟ್ರಾಕ್ಟ್ ಆಗಿದೆಯಾ ನೋಡಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಅಪ್ರೆಂಟಿಸ್ ಆಗುವುದಿಲ್ಲ. ಕಾಂಟ್ರಾಕ್ಟ್ ಇಲ್ಲದಿದ್ದರೆ ವರ್ಷದ ಕೊನೆಗೆ ಪ್ರಮಾಣಪತ್ರವೂ ಇಲ್ಲ.

2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ಎಂದಿತ್ತು. ನಿಮ್ಮ ಮಟ್ಟಿಗೆ ಕಾಂಟ್ರಾಕ್ಟ್‌ನಲ್ಲಿ ಬರೆದ ಅಂಕಿಯೇ ಲೆಕ್ಕ. ಕನಿಷ್ಠ ಮೊತ್ತದ ಅರ್ಧ ಕೇಂದ್ರದಿಂದ ನೇರವಾಗಿ ನಿಮ್ಮ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ, ಉಳಿದದ್ದು ಕಚೇರಿ ಕೊಡಬೇಕು. ಎರಡೂ ಬೇರೆ ಬೇರೆ ದಿನ ಬೀಳುತ್ತವೆ, ಗಾಬರಿ ಬೇಡ. ಆದರೆ ಕಚೇರಿಯವರು ಆ ತಿಂಗಳ ವಿವರ ಪೋರ್ಟಲ್‌ಗೆ ಹಾಕದಿದ್ದರೆ ಕೇಂದ್ರದ ಅರ್ಧವೂ ನಿಲ್ಲುತ್ತದೆ. ತಿಂಗಳ ಮೊದಲ ವಾರದಲ್ಲಿ ಸಂಬಂಧಪಟ್ಟ ಗುಮಾಸ್ತರಿಗೆ ನೆನಪು ಮಾಡುವುದು ನಿಮ್ಮದೇ ಕೆಲಸ ಎಂದುಕೊಳ್ಳಿ.

ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೆ ಯುವನಿಧಿ ಇಲ್ಲ. ಸೇರಿದ ಕೂಡಲೇ ಸೇವಾ ಸಿಂಧು ಪೋರ್ಟಲ್‌ನಲ್ಲಿ ತಿಳಿಸಿ ನಿಲ್ಲಿಸಿ. ‘ನಿರುದ್ಯೋಗಿ’ ಎಂದು ಸ್ವಯಂ ಘೋಷಣೆ ಕೊಡುತ್ತಲೇ ಹೋದರೆ ಸುಳ್ಳು ಘೋಷಣೆ ಆಗುತ್ತದೆ.

ನೌಕರಿ ವಿಷಯ: 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೀವು ತರಬೇತಿ ಪಡೆಯುವವರು, ನೌಕರರಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಚೇರಿಗಿಲ್ಲ. 2024ರ ಗ್ರಾಮ ಆಡಳಿತ ಅಧಿಕಾರಿ ನೇಮಕಾತಿಯೂ ಕೆಇಎ (ಪರೀಕ್ಷಾ ಪ್ರಾಧಿಕಾರ) ಸ್ಪರ್ಧಾತ್ಮಕ ಪರೀಕ್ಷೆಯ ಮೇಲೆಯೇ ನಡೆಯಿತು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ನಿಜಕ್ಕೂ ತೂಕ ಇರುವುದು 371ಜೆ (ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಅರ್ಹತಾ ಪ್ರಮಾಣಪತ್ರಕ್ಕೆ. ಅದು ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು, ಇನ್ನೂ ಮಾಡಿಸಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ.

ತೊಗರಿ_ಕಣಜ:
ಟೇಬಲ್ ಕೆಲಸ ನಾ ಹೇಳ್ತೀನ್ರಿ. ಅರ್ಜಿ ನಾಡಕಚೇರಿಯೊಳಗ ಇನ್‌ವರ್ಡ್ ಆಗ್ತದ, ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕ ಹೋಗಿ ವರದಿ ಕೊಡ್ತಾರ, ಆರ್‌ಐ (ಕಂದಾಯ ನಿರೀಕ್ಷಕರು) ನೋಡ್ತಾರ, ಆಮ್ಯಾಲ ಮಂಜೂರಾತಿ. ಈ ದಾರಿ ಒಂದು ವಾರದಾಗ ತಿಳೀತದ. ಖರೇ ಕಲಿಯೋದು ಅಂದ್ರ, ಬಾಗಿಲಿಗೆ ಬಂದ ಮುದುಕಿ “ಪಗಾರ ಬಂದಿಲ್ರಿ” ಅಂದಾಗ ರೊಕ್ಕ ಎಲ್ಲಿ ನಿಂತದ ಅಂತ ಹುಡುಕೋದು. “ಬ್ಯಾಂಕಿಗೆ ಹೋಗವ್ವ” ಅಂತ ಸುಮ್ನ ಕಳಿಸಬ್ಯಾಡ್ರಿ. ಬ್ಯಾಂಕಿನವರು ತಿರುಗಿ ನಿಮ್ಮ ಕಡೀನೇ ಕಳಿಸ್ತಾರ, ಆಕಿ ಒಂದು ದಿನದ ಕೂಲಿ ಮತ್ತ ಬಸ್ ಚಾರ್ಜು ಹೋಗ್ತದ.

ಮೊದಲು ಮಂಜೂರಾತಿ ಆದೇಶ ಕೇಳ್ರಿ, ಇಲ್ಲಂದ್ರ ಆಧಾರ್ ನಂಬರ್ ಹಾಕಿ ಹೆಸರು ಹುಡುಕ್ರಿ. ಇಲಾಖೆನೇ ತಡೆ ಹಿಡಿದಿದ್ರ ಕಾರಣ ಓದ್ರಿ. ಪರಿಶೀಲನೆಗೆ ಹೋದಾಗ ಮನಿ ಬೀಗ ಹಾಕಿತ್ತು ಅಂತ ‘ವಾಸವಿಲ್ಲ’ ಬರೆದಿರ್ತಾರ. ಯಾದಗಿರಿ ಕಡೆ ಮಗ-ಸೊಸಿ ಬೆಂಗಳೂರು, ಪುಣೆಗೆ ಗುಳೆ ಹೋದಾಗ ಮುದುಕರು ಮಗಳ ಮನ್ಯಾಗ ಇರ್ತಾರ. ಅಂಥದ್ದಕ್ಕ ಮತ್ತೊಮ್ಮೆ ಸ್ಥಳ ಪರಿಶೀಲನೆ ಅಂತ ಟಿಪ್ಪಣಿ ಹಾಕಬೇಕು. ಹೊಸ ಅರ್ಜಿ ಬರೆಸಬ್ಯಾಡ್ರಿ, ಆಧಾರ್ ಒಂದೇ ಇರೋದ್ರಿಂದ ಡುಪ್ಲಿಕೇಟ್ ಅಂತ ಸಿಕ್ಕೊಂತದ.

ಇಲಾಖೆಯಿಂದ ರೊಕ್ಕ ಹೋಗೇದ, ಖಾತೆಗೆ ಬಂದಿಲ್ಲ ಅಂದ್ರ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮ್ಯಾಲ ಬರೋ ರೊಕ್ಕ ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋ ಜೋಡಣೆ) ನೋಡ್ರಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಕೂಡ್ಲೆ ಮ್ಯಾಪಿಂಗ್ ಆಗಂಗಿಲ್ಲ, ಅದಕ್ಕ ಬೇರೆ ಒಪ್ಪಿಗೆ ಫಾರ್ಮ್ ಇರ್ತದ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಮ್ಯಾಪ್ ಇರ್ತದ, ಕಡೀಗೆ ಜೋಡಿಸಿದ್ದೇ ನಡೀತದ. ಸಂಘದ ಸಾಲಕ್ಕ ಅಂತ ಬೇರೆ ಬ್ಯಾಂಕಿನಾಗ ಖಾತೆ ತಗದಾಗ ಮ್ಯಾಪಿಂಗ್ ಅಲ್ಲಿಗೆ ಹೋಗಿರ್ತದ, ರೊಕ್ಕ ಅಲ್ಲೇ ಜಮಾ ಆಗ್ತಿರ್ತದ, ಇವರು ಹಳೇ ಪಾಸ್‌ಬುಕ್ ಹಿಡಕೊಂಡು ಅಲೀತಿರ್ತಾರ. ಆಧಾರ್ ವೆಬ್‌ಸೈಟಿನ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಾಗ ಯಾವ ಬ್ಯಾಂಕ್ ಅಂತ ಕಾಣ್ತದ. ಅದಕ್ಕ ಓಟಿಪಿ ಬೇಕು, ಅಂದ್ರ ಆಧಾರ್‌ನಾಗಿನ ಮೊಬೈಲ್ ನಂಬರ್ ಚಾಲೂ ಇರಬೇಕು.

ಇನ್ನೊಂದು ನಮೂನಿ: ರೊಕ್ಕ ಖಾತೆಯೊಳಗ ಅದ, ತಗೀಲಿಕ್ಕೆ ಬರ್ತಿಲ್ಲ. ಹೊಲದಾಗ ದುಡಿದವರ ಬೆರಳಿನ ಗೆರಿ ಸವೆದಿರ್ತಾವ, ಊರಾಗಿನ ಬ್ಯಾಂಕ್ ಮಿತ್ರನ ಮಷೀನು ಹೆಬ್ಬಟ್ಟು ತಗೊಳ್ಳಂಗಿಲ್ಲ, ‘ಬಂದಿಲ್ಲ’ ಅಂತ ಕಳಿಸಿಬಿಡ್ತಾನ. ಪಾಸ್‌ಬುಕ್ ಎಂಟ್ರಿ ಹೊಡೆಸಿದ್ರ ಗೊತ್ತಾಗ್ತದ. ಇವರನ್ನ ಆಧಾರ್ ಕೇಂದ್ರಕ್ಕ ಬಯೋಮೆಟ್ರಿಕ್ ಅಪ್ಡೇಟ್‌ಗೆ ಕಳಿಸ್ರಿ, ಅಲ್ಲೀತನ ಬ್ಯಾಂಕ್ ಶಾಖೆಯೊಳಗೇ ಸ್ಲಿಪ್ ಮ್ಯಾಲ ತಗೊಳ್ಳಿಕ್ಕೆ ಹೇಳ್ರಿ.

ಹೆಸರಿನ ಗೋಳು ಬ್ಯಾರೇನೇ ಅದ. ರೇಷನ್ ಕಾರ್ಡಿನಾಗ ‘ಖಾಜಾಬೀ’, ಆಧಾರ್‌ನಾಗ ‘ಖಾಜಾ ಬೇಗಂ’, ಪಾಸ್‌ಬುಕ್‌ನಾಗ ‘ಕಾಜಬಿ’. ‘ಶರಣಪ್ಪ’, ‘ಶರಣಬಸಪ್ಪ’ ಹಂಗೇ. ಯಾವುದಕ್ಕ ಯಾವುದು ತಿದ್ದಬೇಕು ಅಂತ ಮೊದಲೇ ಹೇಳ್ರಿ: ಆಧಾರ್ ಸರಿ ಇದ್ರ ಉಳಿದೆರಡೂ ಅದಕ್ಕ ಹೊಂದಿಸೋದು. ಮೂರೂ ಕಡೆ ಒಟ್ಟಿಗೆ ತಿದ್ದಲಿಕ್ಕೆ ಹೋದ್ರ ಮತ್ತ ತಾಳೆ ತಪ್ಪತದ.

ಬೀದರ್_ಗಡಿ:
ಹೊಸ ಅರ್ಜಿಯಲ್ಲಿ ಎಡವುವ ಎರಡು ಜಾಗ ಹೇಳಿಬಿಡುತ್ತೇನೆ.

ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು. ಸಾವು ಎಲ್ಲಾಯಿತೋ ಅಲ್ಲೇ ನೋಂದಣಿ. ಹೈದರಾಬಾದಿನ ಆಸ್ಪತ್ರೆಯಲ್ಲಿ ತೀರಿಕೊಂಡು ಮಣ್ಣು ಔರಾದಿನಲ್ಲಿ ಆಗಿದ್ದರೂ ಪ್ರಮಾಣಪತ್ರ ಹೈದರಾಬಾದಿನದೇ. 21 ದಿನದೊಳಗೆ ಆದರೆ ಸುಲಭ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಇದನ್ನು ಬಂದ ದಿನವೇ ಹೇಳಿ, ನಾಲ್ಕನೇ ಸಲ ಬಂದಾಗ ಅಲ್ಲ.

ಅಂಗವಿಕಲರ ವೇತನದಲ್ಲಿ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಬಣ್ಣ ನೋಡಿ ವರ್ಗ ಹಾಕಬೇಡಿ. ಹಳದಿ ಕಾರ್ಡು ಶೇ. 40ರಿಂದ 80ರ ಒಳಗಿನವರದು, ಆದರೆ ನಮ್ಮ ವೇತನ ಬದಲಾಗುವ ಗಡಿ ಶೇ. 75. ಹಳದಿ ಕಾರ್ಡಿನಲ್ಲಿ 78 ಎಂದಿದ್ದವರನ್ನು 1,400ರ ಬದಲು 800 ರೂಪಾಯಿಗೆ ಹಾಕಿದರೆ ತಿಂಗಳಿಗೆ 600 ರೂ. ಕಡಿಮೆ ಸಿಗುತ್ತದೆ, ಅವರಿಗದು ಗೊತ್ತೂ ಆಗುವುದಿಲ್ಲ. ಶೇಕಡಾ ಅಂಕಿಯನ್ನೇ ಓದಿ.

ಶಹಾಪುರ_ಬಿಕಾಂ:
ಭಾಳ ಉಪಕಾರ ಆಯ್ತ್ರಿ ಎಲ್ಲರಿಗೂ. ಇನ್ನೊಂದು: ಕೆಲಸ ಜಾಸ್ತಿ ಇದ್ದಾಗ ಅಪ್ರೆಂಟಿಸ್‌ಗಳಿಗೇ ಲಾಗಿನ್ ಕೊಟ್ಟು ಅಪ್ರೂವ್ ಮಾಡಸ್ತಾರ ಅಂತ ಕೇಳೀನಿ. ಬ್ಯಾಡ ಅನ್ನೋದು ಹೆಂಗ?

ತೊಗರಿ_ಕಣಜ:
ಅದಕ್ಕ ಕೈ ಹಚ್ಚಬ್ಯಾಡ್ರಿ. ಅಧಿಕಾರಿಗಳ ಲಾಗಿನ್‌ನಿಂದ ಆದದ್ದು ಅವರ ಹೆಸರಿಲೇ ದಾಖಲಾಗ್ತದ. ನಾಳೆ ಸತ್ತವರ ಹೆಸರಿಗೆ ರೊಕ್ಕ ಹೋಗೇದ ಅಂತ ಆಡಿಟ್‌ನಾಗ ಬಂದ್ರ ಇಬ್ಬರೂ ಉತ್ತರ ಕೊಡಬೇಕಾಗ್ತದ. ಎದುರು ಮಾತಾಡೋದು ಬ್ಯಾಡ, “ಸಾಹೇಬ್ರ, ನಾ ಎಲ್ಲಾ ನೋಡಿ ಪಟ್ಟಿ ಮಾಡಿ ಇಡ್ತೀನಿ, ನೀವು ಕುಂತು ಒತ್ರಿ” ಅನ್ರಿ. ಅರ್ಜಿ ನಂಬರ್, ಆರ್‌ಡಿ ನಂಬರ್ (ನಾಡಕಚೇರಿ ಪ್ರಮಾಣಪತ್ರದ ಮ್ಯಾಲಿನ ಸಂಖ್ಯೆ), ವರದಿ ತಾರೀಖು, ಏನು ಕಡಿಮಿ ಅದ, ಇಷ್ಟು ಹಾಳಿ ಮ್ಯಾಲ ಬರೆದು ಕೊಟ್ರ ಅವರ ಕೆಲಸನೂ ಹಗುರ ಆಗ್ತದ. ಆಧಾರ್ ಜೆರಾಕ್ಸ್ ಫೋಟೋ ನಿಮ್ಮ ಸ್ವಂತ ವಾಟ್ಸಾಪ್‌ಗೆ ತಗೋಬ್ಯಾಡ್ರಿ, ಓಟಿಪಿ ಹೇಳು ಅಂತ ಯಾರಿಗೂ ಫೋನ್ ಹಚ್ಚಬ್ಯಾಡ್ರಿ.

ಕೋಟೆ_ಬಾಗಿಲು:
ಒಂದು ಸೇರಿಸುತ್ತೇನೆ. ಅರ್ಜಿ ಕೊಟ್ಟವರ ಕೈಗೆ ಸಕಾಲದ (ಸರ್ಕಾರಿ ಸೇವೆಗೆ ಕಾಲಮಿತಿ ಹಾಕುವ ವ್ಯವಸ್ಥೆ) 15 ಅಂಕಿಯ ಸ್ವೀಕೃತಿ ಸಂಖ್ಯೆ ಸಿಕ್ಕಿದೆಯಾ ಎಂದು ಕೌಂಟರ್ ಬಿಡುವ ಮುಂಚೆ ಕೇಳಿ. ಅದಿಲ್ಲದೆ ಅವಧಿ ಮೀರಿದಾಗ ಮೇಲ್ಮನವಿ ಹಾಕಲು ಆಗುವುದಿಲ್ಲ. ಓದು ಬಾರದವರಿಗೆ ಆ ಸಂಖ್ಯೆಯನ್ನು ರೇಷನ್ ಕಾರ್ಡಿನ ಜೆರಾಕ್ಸ್ ಹಿಂದೆ ದೊಡ್ಡದಾಗಿ ಬರೆದುಕೊಡಿ, ಚೀಟಿಯಲ್ಲಿ ಬರೆದರೆ ಕಳೆದುಹೋಗುತ್ತದೆ.