ಶಾಲೆಯಲ್ಲಿ ಸುಮ್ಮನಿರುವ ಮಗಳು, ಮನೆಯಲ್ಲಿ ಅಳು: ಆಟಿಸಂ ಅಸೆಸ್‌ಮೆಂಟ್‌ಗೆ ಕಳಿಸಿ ಅಂತ ಕೇಳುವುದು ಹೇಗೆ?

ಕೇಳಿದವರು:

ಮಗಳಿಗೆ 8 ವರ್ಷ. ಓದಿನಲ್ಲಿ ಮುಂದಿದ್ದಾಳೆ, ಶಾಲೆಯಿಂದ ಒಂದು ದೂರೂ ಬಂದಿಲ್ಲ. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಅಳು ಶುರುವಾಗುತ್ತದೆ. ಕೆಲವು ದಿನ ಒಂದು ಗಂಟೆಯಾದರೂ ನಿಲ್ಲುವುದಿಲ್ಲ. ಬಟ್ಟೆಯ ಲೇಬಲ್ ಮೈಗೆ ತಾಗಬಾರದು. ಹೋಗುತ್ತೇವೆ ಅಂದ ಕಡೆ ಹೋಗದಿದ್ದರೆ ಮುಗೀತು. ಡಾಕ್ಟರ್ ಹತ್ತಿರ ಹೋದರೆ "ಶಾಲೆಯವರು ಏನಂತಾರೆ?" ಅಂದರು. ಶಾಲೆಯವರು "ನಮಗೇನೂ ಕಾಣಿಸಿಲ್ಲ" ಅಂದರು. ಇಬ್ಬರ ನಡುವೆ ಸಿಕ್ಕಿಕೊಂಡಿದ್ದೇನೆ. ಅಸೆಸ್‌ಮೆಂಟ್ ಮಾಡಿಸಿದವರು ರೆಫರಲ್ (ತಜ್ಞರ ಹತ್ತಿರ ಕಳಿಸುವ ಡಾಕ್ಟರ್ ಚೀಟಿ) ಹೇಗೆ ಸಿಕ್ಕಿತು ಅಂತ ದಯವಿಟ್ಟು ಹೇಳಿ.

11 ವರ್ಷದ ಹುಡುಗನ ತಾಯಿ:

ನಿಮ್ಮ ಮಾತು ಓದಿ ಮೂರು ವರ್ಷ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು. ಮೊದಲ ಸಲ ನಾನು ಡಾಕ್ಟರ್ ಹತ್ತಿರ ಹೋಗಿ "ಇವನಿಗೆ ಆಟಿಸಂ ಇರಬಹುದು ಅನಿಸುತ್ತಿದೆ" ಎಂದೆ. ಅವರು ಮಗನನ್ನು ಎರಡು ಮಾತು ಕೇಳಿದರು. ಅವನು ನೆಟ್ಟಗೆ ಉತ್ತರ ಕೊಟ್ಟ. "ಚೆನ್ನಾಗಿ ಮಾತಾಡ್ತಾನಲ್ಲ, ಮುಖ ನೋಡ್ತಾನಲ್ಲ, ಬೆಳೀತಾ ಸರಿ ಹೋಗುತ್ತೆ" ಅಂದರು. ಐದು ನಿಮಿಷದಲ್ಲಿ ಹೊರಗೆ ಬಂದಿದ್ದೆ.

ಎರಡನೇ ಸಲ ಹೆಸರು ಹಿಡಿದು ಹೋಗಲಿಲ್ಲ, ನಡೆದದ್ದನ್ನು ಬರೆದುಕೊಂಡು ಹೋದೆ. ಮೂರು ವಾರ ಒಂದು ನೋಟ್‌ಬುಕ್‌ನಲ್ಲಿ ದಿನಾ ಬರೆದಿಟ್ಟಿದ್ದೆ. ಒಂದು ದಿನದ್ದು ಹೀಗಿತ್ತು: "ಸೋಮವಾರ. ಕ್ಲಾಸ್ ಟೀಚರ್ ರಜೆ. ಬೇರೆಯವರು ಬಂದು ಇವನ ಜಾಗ ಬದಲಿಸಿದ್ದಾರೆ. 4:10ಕ್ಕೆ ಮನೆಗೆ ಬಂದ. ಕಾಲುಚೀಲದ ಹೊಲಿಗೆ ಬೆರಳಿಗೆ ಒತ್ತುತ್ತಿದೆ ಎಂದು ಅಳು. 50 ನಿಮಿಷ. ಮಾತಾಡಿಸಿದರೆ ಜಾಸ್ತಿಯಾಯಿತು. ಲೈಟ್ ಆರಿಸಿ ಸುಮ್ನೆ ಪಕ್ಕ ಕೂತೆ. ಮೇಜಿನ ಕೆಳಗೆ ಹೋಗಿ ಮಲಗಿದ." ಮುಂಚೆ ಏನಾಗಿತ್ತು, ಎಷ್ಟು ಹೊತ್ತು, ಯಾವುದರಿಂದ ಸಮಾಧಾನವಾಯಿತು, ಇಷ್ಟು ಬರೆದರೆ ಸಾಕು. "ಹಟ ಮಾಡಿದ" ಅಂತ ಮಾತ್ರ ಬರೆಯಬೇಡಿ. ಆ ಒಂದು ಪದ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಆಮೇಲೆ ಅದನ್ನು ಎರಡು ಹಾಳೆಗೆ ಇಳಿಸಿದೆ. ಮನೋವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್ಎಂ-5 ಕೈಪಿಡಿಯಲ್ಲಿ ಆಟಿಸಂ ಅನ್ನು ಎರಡು ಭಾಗವಾಗಿ ನೋಡುತ್ತಾರೆ. ಒಂದು, ಬೇರೆಯವರ ಜೊತೆ ಬೆರೆಯುವುದು, ಮಾತುಕತೆ, ಸ್ನೇಹ. ಇನ್ನೊಂದು, ಮಾಡಿದ್ದನ್ನೇ ಮಾಡುವುದು, ಬದಲಾವಣೆ ತಡೆಯದಿರುವುದು, ಒಂದೇ ವಿಷಯದಲ್ಲಿ ಮುಳುಗುವುದು, ಸದ್ದು, ಬೆಳಕು, ಸ್ಪರ್ಶ ಅತಿಯಾಗಿ ಅನಿಸುವುದು ಅಥವಾ ಅನಿಸದೇ ಇರುವುದು. ಮೊದಲ ಹಾಳೆಗೆ ಒಂದು, ಎರಡನೆಯದಕ್ಕೆ ಇನ್ನೊಂದು. ಮನೆಯಲ್ಲಿ ನಾವು ಅಳುವಿನ ಬಗ್ಗೆಯೇ ಹೇಳುತ್ತೇವೆ, ಏಕೆಂದರೆ ನಮ್ಮನ್ನು ಸುಸ್ತು ಮಾಡುವುದು ಅದು. ಆದರೆ ಡಾಕ್ಟರ್‌ಗೆ ಮೊದಲ ಹಾಳೆಯೂ ಬೇಕು. ಅಳು ಒಂದರಿಂದಲೇ ಯಾರೂ ಆಟಿಸಂ ಅಂತ ನಿರ್ಧರಿಸುವುದಿಲ್ಲ.

ಚಿಕ್ಕಂದಿನ ಸಂಗತಿಗಳನ್ನೂ ಸೇರಿಸಿ. ಲಕ್ಷಣ ಬಾಲ್ಯದಿಂದ ಇರಬೇಕು ಅಂತ ಅದೇ ಕೈಪಿಡಿ ಹೇಳುತ್ತದೆ. ಜೊತೆಗೆ, ಸುತ್ತಲಿನವರ ನಿರೀಕ್ಷೆ ಮಗುವಿನ ಕೈ ಮೀರುವ ತನಕ ಅದು ಪೂರ್ತಿ ಕಾಣದೇ ಇರಬಹುದು ಅಂತಲೂ ಹೇಳುತ್ತದೆ. "ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು?" ಅಂದವರಿಗೆ ಇದೇ ಉತ್ತರ. ನಾನು ಹಳೇ ವಿಡಿಯೋ ಹುಡುಕಿದೆ. ಮೂರನೇ ಹುಟ್ಟುಹಬ್ಬದಲ್ಲಿ ಎಲ್ಲ ಮಕ್ಕಳೂ ಬಲೂನ್ ಹಿಂದೆ ಓಡುತ್ತಿದ್ದಾರೆ. ಇವನೊಬ್ಬ ಫ್ಯಾನಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದಾನೆ, ವಿಡಿಯೋ ಮುಗಿಯುವ ತನಕ. ಆಗ ನಾವು ನಕ್ಕಿದ್ದೆವು.

ಮಗುವಿನ ಎದುರಿಗೇ ಇದನ್ನೆಲ್ಲ ಹೇಳಬೇಡಿ. ಹಾಳೆಗಳನ್ನು ಮೊದಲೇ ಕಳಿಸಿ, ಇಲ್ಲವೇ ಒಳಗೆ ಹೋದ ಕೂಡಲೇ ಕೈಗೆ ಕೊಡಿ.

ಪ್ರೈಮರಿ ಟೀಚರ್ ಒಬ್ಬರು:

ಶಾಲೆಯ ಕಡೆಯಿಂದ ಹೇಳುತ್ತೇನೆ. "ನಮಗೇನೂ ಕಾಣಿಸಿಲ್ಲ" ಅನ್ನುವುದು ಸುಳ್ಳಲ್ಲ. ಗಲಾಟೆ ಮಾಡುವ ಮಗು ನಮ್ಮ ಕಣ್ಣಿಗೆ ಬೀಳುತ್ತದೆ, ಸುಮ್ಮನೆ ಕೂತ ಮಗು ಬೀಳುವುದಿಲ್ಲ. ಹಾಗಾಗಿ "ಹೇಗಿದ್ದಾಳೆ?" ಅಂತ ಕೇಳಬೇಡಿ, "ಚೆನ್ನಾಗಿದ್ದಾಳೆ" ಅಂತಲೇ ಉತ್ತರ ಬರುತ್ತದೆ. ಹೀಗೆ ಕೇಳಿ: ಬಿಡುವಿನ ಹೊತ್ತಿನಲ್ಲಿ ಯಾರ ಜೊತೆ ಇರುತ್ತಾಳೆ? ಗುಂಪು ಮಾಡಿಕೊಳ್ಳಿ ಅಂದಾಗ ಏನು ಮಾಡುತ್ತಾಳೆ? ಅರ್ಥವಾಗದಿದ್ದರೆ ಕೈ ಎತ್ತುತ್ತಾಳಾ? ಇಡೀ ತರಗತಿಗೆ ಹೇಳಿದ್ದು ಅವಳಿಗೆ ತಲುಪುತ್ತದಾ?

ಕೊನೆಯ ಪ್ರಶ್ನೆ ಒಬ್ಬಳು ಹುಡುಗಿಯಿಂದ ಕಲಿತದ್ದು. "ಪುಸ್ತಕ ತೆಗೀರಿ" ಅಂದರೆ ಅವಳ ಕಣ್ಣು ಮೊದಲು ಪಕ್ಕದವಳ ಕೈ ಕಡೆ ಹೋಗುತ್ತಿತ್ತು. ಪಕ್ಕದವಳು ಬ್ಯಾಗಿಗೆ ಕೈ ಹಾಕಿದ ಮೇಲೆಯೇ ಇವಳೂ ಹಾಕುತ್ತಿದ್ದಳು. ವರ್ಷವಿಡೀ ನೋಡಿದ್ದೆ, ಶಿಸ್ತಿನ ಮಗು ಅಂದುಕೊಂಡಿದ್ದೆ. ಅವಳ ತಾಯಿ ಬಂದು ಈ ಪ್ರಶ್ನೆ ಕೇಳಿದ ದಿನ ಅದು ಏನೆಂದು ಹೊಳೆಯಿತು. ನನಗೆ ಇವತ್ತಿಗೂ ಬೇಸರವಿದೆ.

ಟೀಚರ್ ಹೇಳಿದ್ದನ್ನು ಬರವಣಿಗೆಯಲ್ಲಿ ಕೇಳಿ. ಆಟಿಸಂ ಇದೆಯೋ ಇಲ್ಲವೋ ಅಂತ ಅವರು ಬರೆಯಬೇಕಿಲ್ಲ, ಕಂಡದ್ದನ್ನು ಬರೆದರೆ ಸಾಕು. "ಶಾಲೆಯಲ್ಲಿ ತಡೆದುಕೊಂಡಿರುತ್ತಾಳೆ, ಮನೆಯಲ್ಲಿ ಹೀಗಾಗುತ್ತದೆ ಎಂದು ಪೋಷಕರು ಹೇಳಿದ್ದಾರೆ" ಎಂಬ ಒಂದು ಸಾಲು ಆ ಪತ್ರದಲ್ಲಿ ಬಂದರೂ ಡಾಕ್ಟರ್ ಕೇಳಿದ್ದಕ್ಕೆ ಉತ್ತರವಾಗುತ್ತದೆ.

ಹುಡುಗಿಯ ತಂದೆ, ಮಗಳಿಗೆ ಆಟಿಸಂ ಅಂತ ಗೊತ್ತಾದದ್ದು 10ನೇ ವಯಸ್ಸಿನಲ್ಲಿ:

ಹೆಣ್ಣುಮಕ್ಕಳ ವಿಷಯ ಬೇರೆಯೇ ಹೇಳಬೇಕು. 1943ರಲ್ಲಿ ಆಟಿಸಂ ಬಗ್ಗೆ ಬರೆದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ವಿವರಿಸಿದ 11 ಮಕ್ಕಳಲ್ಲಿ 8 ಜನ ಹುಡುಗರು. ಅಲ್ಲಿಂದ ಮುಂದೆ ಎಲ್ಲರ ಮನಸ್ಸಿನಲ್ಲೂ ಹುಡುಗನ ಚಿತ್ರವೇ ಕೂತುಬಿಟ್ಟಿದೆ. ಹುಡುಗಿಯರು ಬೇರೆಯವರನ್ನು ನೋಡಿ ನಗುವುದು, ಮಾತಾಡುವುದು ಕಲಿತು ಮುಚ್ಚಿಕೊಳ್ಳುವುದು ಜಾಸ್ತಿ. ಇಡೀ ದಿನ ಹಾಗೆ ಇದ್ದು ಮನೆಗೆ ಬಂದಾಗ ಶಕ್ತಿ ಉಳಿದಿರುವುದಿಲ್ಲ. ನೀವು ನೋಡುತ್ತಿರುವುದು ಅದೇ ಇರಬಹುದು, ಅಲ್ವಾ?

ನಮಗೆ ಒಬ್ಬರು ಎಂ-ಚಾಟ್ (ಆಟಿಸಂ ಇರಬಹುದಾ ಅಂತ ಮೊದಲು ಸೋಸಿ ನೋಡುವ ಪಟ್ಟಿ) ಪ್ರಶ್ನೆ ಕೇಳಿ "ಪಾಸಾಗಿದ್ದಾಳೆ" ಅಂದಿದ್ದರು. ಅದು 16ರಿಂದ 30 ತಿಂಗಳ ಮಕ್ಕಳಿಗೆ ಮಾಡಿದ್ದು. ಶಾಲೆಗೆ ಹೋಗುವ ಮಗುವಿಗೆ ಅದರ ಉತ್ತರ ಏನೂ ಹೇಳುವುದಿಲ್ಲ. 4 ವರ್ಷ ದಾಟಿದವರಿಗೆ ಎಸ್‌ಸಿಕ್ಯೂ ಥರದ್ದು ಬೇರೆ ಇದೆ, ಹೌದು ಅಥವಾ ಇಲ್ಲ ಎನ್ನುವ 40 ಪ್ರಶ್ನೆ. ಅದೂ ಮುಂದೆ ನೋಡಬೇಕೋ ಬೇಡವೋ ಅನ್ನಲಿಕ್ಕೆ ಮಾತ್ರ, ತೀರ್ಮಾನ ಅಲ್ಲ. ತೀರ್ಮಾನಕ್ಕೆ ಮಗುವಿನ ಜೊತೆ ಕೂತು ನೋಡುತ್ತಾರೆ (ನಮ್ಮಲ್ಲಿ ಎಡಾಸ್-2 ಅಂತ ಆಟ, ಮಾತುಕತೆಯ ಮೂಲಕ ನೋಡುವ ಕ್ರಮ ಮಾಡಿದರು, ಒಂದು ಗಂಟೆಯೊಳಗೆ ಮುಗಿಯಿತು), ನಮ್ಮನ್ನು ಚಿಕ್ಕಂದಿನ ಬಗ್ಗೆ ದೀರ್ಘವಾಗಿ ಕೇಳುತ್ತಾರೆ, ಶಾಲೆಯ ವರದಿ ಓದುತ್ತಾರೆ. ರಕ್ತಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಆಟಿಸಂ ಗೊತ್ತಾಗುವುದಿಲ್ಲ. ಕಿವಿ ಪರೀಕ್ಷೆ ಮಾತ್ರ ಮೊದಲೇ ಮಾಡಿಸಿಬಿಡಿ. ಹೇಗೂ ಕೇಳುತ್ತಾರೆ, ನಮಗೆ ಅದೊಂದಕ್ಕೇ ಮತ್ತೆ ಕಾಯಬೇಕಾಯಿತು.

"ಇದು ಎಡಿಎಚ್‌ಡಿ" (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), "ಇದು ಬರೀ ಆತಂಕ" ಅಂದರೆ ಅಲ್ಲಿಗೇ ಬಿಡಬೇಡಿ. ಆಟಿಸಂ ಜೊತೆಗೆ ಇವೂ ಒಂದೇ ಮಗುವಿನಲ್ಲಿ ಇರಬಹುದು. 2013ಕ್ಕೆ ಮುಂಚೆ ಡಿಎಸ್ಎಂ ಪ್ರಕಾರ ಆಟಿಸಂ ಮತ್ತು ಎಡಿಎಚ್‌ಡಿ ಒಟ್ಟಿಗೆ ಹೇಳುವಂತಿರಲಿಲ್ಲ, ಆಮೇಲೆ ಆ ನಿಯಮ ತೆಗೆದರು. ರೆಫರಲ್ ಕೊಡಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಮರ್ಯಾದೆಯಿಂದಲೇ ಕೇಳಿ, ಇನ್ನೊಬ್ಬ ಡಾಕ್ಟರನ್ನು ನೋಡಿ. ನಾನು ಕೇಳಲು ಹಿಂಜರಿದೆ. ಎರಡು ವರ್ಷ ಹೋಯಿತು.

ಕಾಯುವಾಗ ಸುಮ್ಮನೆ ಕೂರಬೇಡಿ. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. "ಇವತ್ತು ಏನಾಯ್ತು?" ಕೂಡ ಬೇಡ. ನಮ್ಮ ಮನೆಯಲ್ಲಿ ಅದೊಂದರಿಂದಲೇ ಅಳು ಅರ್ಧಕ್ಕಿಳಿಯಿತು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಅತ್ತುಬಿಟ್ಟೆ. ನೋಟ್‌ಬುಕ್ ಇವತ್ತೇ ಶುರು ಮಾಡಿದೆ. ಒಂದು ಉಳಿಯಿತು: ಯಾಕೆ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಅವಳಿಗೆ ಏನು ಹೇಳಲಿ?

ದೊಡ್ಡವಳಾದ ಮೇಲೆ ತನಗೇ ಆಟಿಸಂ ಅಂತ ತಿಳಿದುಕೊಂಡವರು:

ನಿಜವನ್ನೇ ಹೇಳಿ. ನನಗೆ 34 ವರ್ಷವಾದಾಗ ಗೊತ್ತಾಯಿತು. ಶಾಲೆಯಲ್ಲಿ ನಾನೂ ಒಳ್ಳೆಯ ಹುಡುಗಿ. ಸದ್ದು ತಡೆಯಲಾಗದೆ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿ, ಗೋಡೆಗೆ ಹಣೆ ಒತ್ತಿ ನೂರರ ತನಕ ಎಣಿಸುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ, ನನಗೆ ಮಾತ್ರ ಕಷ್ಟ, ನಾನೇ ಸರಿಯಿಲ್ಲ ಅಂದುಕೊಂಡಿದ್ದೆ. ಅವಳೂ ಏನೋ ಒಂದು ಅಂದುಕೊಂಡಿರುತ್ತಾಳೆ. "ಶಾಲೆ ಮುಗಿಯುವಷ್ಟರಲ್ಲಿ ನಿನಗೆ ಎಷ್ಟು ಸುಸ್ತಾಗಿರುತ್ತೆ ಅಂತ ನನಗೆ ಗೊತ್ತು. ಯಾಕೆ ಹಾಗಾಗುತ್ತೆ ಅಂತ ತಿಳಿದವರ ಹತ್ತಿರ ಹೋಗೋಣ. ಪರೀಕ್ಷೆ ಅಲ್ಲ, ಮಾರ್ಕ್ಸ್ ಇಲ್ಲ. ಅವರು ಮಾತಾಡಿಸುತ್ತಾರೆ, ಆಟ ಆಡಿಸುತ್ತಾರೆ, ನಾನು ಅಲ್ಲೇ ಇರುತ್ತೇನೆ" ಅನ್ನಿ. ಜೊತೆಯಲ್ಲಿ ಒಳಗೆ ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಬಿಡುವುದಿಲ್ಲ ಅಂದರೆ "ಬಾಗಿಲ ಆಚೆ ಕೂತಿರುತ್ತೇನೆ" ಅನ್ನಿ. ಆ ಕಟ್ಟಡದ, ಕೋಣೆಯ ಫೋಟೋ ಸಿಕ್ಕರೆ ಹಿಂದಿನ ದಿನವೇ ತೋರಿಸಿ. ಲೇಬಲ್ ಕತ್ತರಿಸಿದ, ಅವಳಿಗೆ ಒಗ್ಗಿದ ಹಳೇ ಬಟ್ಟೆಯನ್ನೇ ಹಾಕಿ ಕರೆದುಕೊಂಡು ಹೋಗಿ.